ಕರವಸ್ತ್ರದಷ್ಟು ಕಾಗದ

ಅಲ್ಲ ತೃಷಾ, ರಾಜೀನಾಮೆ ಕೊಡುವುದು ನಿನ್ನ ಇಷ್ಟ, ಅದಕ್ಕೆ ನಾನು ಎಂತದೂ ಹೇಳುವುದಿಲ್ಲ. ಆದರೆ ಎರಡು ಪುಟವಾ? ಎರಡು ಪುಟದ ರಾಜೀನಾಮೆ! ಸಾಯ್ಬಾ, ದೇವರೇ... ನನ್ನ ಲಾಂಡ್ರಿಯ ಆಫೀಸಿನಲ್ಲಿ ಇಷ್ಟು ವರ್ಷ ಕೂತು, ದಿನಾ ನನ್ನ ಬಾಯಿಂದ ಕೇಳಿ, ಕಡೆಗೆ ನನಗೇ ಎರಡು ಪುಟ ಬರೆದು ತಂದಿದ್ದೀಯಲ್ಲ, ನಾಚಿಕೆ ಆಗುವುದಿಲ್ವಾ?

ಕೂತ್ಕೋ. ಬಾಗಿಲು ಹಾಕು ಮೊದಲು, ಆ ಡ್ರೈಯರಿನ ಶಬ್ದದಲ್ಲಿ ನನ್ನ ಮಾತು ನನಗೇ ಕೇಳುವುದಿಲ್ಲ. ಫ್ಯಾನ್ ಹಾಕು. ಬೇಡ, ಬೇಡ, ಕಾಗದ ಹಾರ್ತದೆ. ಕೆಂಪು ಪೆನ್ನು ಎಲ್ಲಿ? ನನ್ನ ಫೋನಾ? ಹೊಡೆದುಕೊಳ್ಳಲಿ ಬಿಡು, ಕವುಚಿ ಹಾಕು ಅದನ್ನು. ಆಮೇಲೆ ನೋಡುವ.

ನಗುವುದೆಂತಕ್ಕೆ? ಹೌದು, ತಿದ್ದುತ್ತೇನೆ. ಈ ಆಫೀಸಿನಲ್ಲಿ ಬರೆದ ಕಾಗದ ಅಂದ್ರೆ ನನ್ನ, ಈ ಕ್ರಿಸ್ಟಿನ್ ಬಾಯಿಯ, ಕಾಗದ. ಅದು ನನಗೇ ಬಂದದ್ದಾದರೂ ಅಷ್ಟೇ.

ಇಲ್ಲಿ ನೋಡು. 'ಅತ್ಯಂತ ಗೌರವಪೂರ್ವಕವಾಗಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...' ತೆಗೆದೆ. ಗೌರವ ಇದ್ದರೆ ಮೊದಲ ಸಾಲಿನಲ್ಲೇ ವಿಷಯ ಹೇಳಬೇಕು. ಓದುವವರ ಹೊತ್ತು ಹಾಳು ಮಾಡದೇ ಇರುವುದೇ ಗೌರವ. ಎಷ್ಟು ಸಲ ಹೇಳಿದ್ದೇನೆ? ಮೇಲ್ ಅಂದ್ರೆ ಕರವಸ್ತ್ರದಷ್ಟು ಇರಬೇಕು, ಮಡಚಿ ಕಿಸೆಗೆ ಹಾಕುವ ಹಾಗೆ. ನೀನು ತಂದದ್ದು ಡಬಲ್ ಬೆಡ್ಡಿನ ಬೆಡ್‌ಶೀಟು ಮಾರಾಯ್ತಿ! ಇಬ್ಬರು ಎರಡು ಕಡೆ ಹಿಡಿದು ಮಡಚಬೇಕು.

ನಮ್ಮ ಆಫೀಸಿನ ಆಲ್ವಿನ್ ಬರೆದದ್ದು ಮರೆತುಹೋಯ್ತಾ? ಗೊತ್ತಿದ್ದರೂ ಇನ್ನೊಮ್ಮೆ ಕೇಳು. ಬಾಯ್ಲರ್ ಕೆಟ್ಟ ದಿನ, ಶೀಟ್ ಕಾಯುತ್ತಿದ್ದ ಹೋಟೆಲಿಗೆ ಒಂದು ಮೇಲ್ ಹಾಕು ಅಂದೆ ಅವನಿಗೆ. ಹಾಕಿದ. ಬಾಯ್ಲರ್ ಹೇಗೆ ಶಬ್ದ ಮಾಡ್ತು, ಹೊಗೆ ಯಾವ ಬಣ್ಣದ್ದು, ಮೆಕ್ಯಾನಿಕ್ ಅಯ್ಯೂಬ್ ಎಲ್ಲಿಂದ ಹೊರಟ, ಅವನ ಸ್ಕೂಟರ್ ಎಲ್ಲಿ ಪಂಕ್ಚರ್ ಆಯ್ತು... ಎಲ್ಲ ಉಂಟು! 'ನಾಳೆ ಶೀಟ್ ಬರುವುದಿಲ್ಲ' ಅನ್ನುವುದು ಮಾತ್ರ ಕಟ್ಟಕಡೆಯ ಸಾಲಿನಲ್ಲಿ. ಮ್ಯಾನೇಜರ್ ಪಂಕ್ಚರ್ ತನಕ ಓದಿ ಬಿಟ್ಟ. ಮರುದಿನ ಮದುವೆಯ ದಿಬ್ಬಣ ಬಂದು ಬರೀ ಹಾಸಿಗೆಯ ಮೇಲೆ ಕೂತಿತು! ಆಮೇಲೆ ನಾನು ಬರೆದದ್ದು ಎಂತ? 'ತಪ್ಪು ನಮ್ಮದು. ಮಧ್ಯಾಹ್ನದೊಳಗೆ ಬೇರೆ ಕಡೆಯಿಂದ ಶೀಟ್ ತಂದು ನಾವೇ ಹಾಸಿ ಕೊಡ್ತೇವೆ.' ಅಷ್ಟೇ. ಆ ಹೋಟೆಲು ಇವತ್ತಿಗೂ ನಮ್ಮದೇ.

ಇದನ್ನೆಲ್ಲ ನನಗೆ ಯಾರಾದರೂ ಹೇಳಿಕೊಟ್ಟದ್ದಾ? ಏಳನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು. ಹಾಸ್ಟೆಲಿನ ಬಟ್ಟೆ ಕಲ್ಲಿಗೆ ಬಡಿಯುತ್ತಿದ್ದ ಕಾಲದಲ್ಲಿ ಗಿರಾಕಿಗಳು ಇಂಗ್ಲಿಷಿನಲ್ಲಿ ಬೈದು ಚೀಟಿ ಕಳಿಸುತ್ತಿದ್ದರು. ಎಂತ ಬೈದದ್ದು ಅಂತ ಗೊತ್ತಾಗಬೇಕಲ್ಲ! ಡಿಕ್ಷನರಿ ತಂದು ಕೂತೆ. ಬೈಗುಳದಿಂದ ಇಂಗ್ಲಿಷ್ ಕಲಿತವಳು ನಾನು. ನಿನ್ನ ಅಮ್ಮ, ನಮ್ಮ ಬಾಗಿ, ಇಸ್ತ್ರಿ ಮಾಡ್ತಾ ನಗುತ್ತಿದ್ದಳು, 'ಬಾಯಮ್ಮ, ಇವತ್ತು ಬೈದವರಿಗೆ ಎಷ್ಟು ಮಾರ್ಕು?' ಅಂತ.

ಇರಲಿ. ಮುಂದೆ. 'ನನ್ನ ತಾಯಿಯ ಕಾಲದಿಂದಲೂ ತಾವು ನಮ್ಮ ಕುಟುಂಬಕ್ಕೆ...' ಬೇಡ. 'ನನ್ನನ್ನು ಕಾಲೇಜಿಗೆ ಸೇರಿಸಿ...' ಬೇಡ, ಬೇಡ. ಇದೆಲ್ಲ ಯಾರು ಕೇಳಿದ್ದು? ಆಫೀಸಿನ ಕಾಗದದಲ್ಲಿ ಅಳ್ಲಿಕ್ಕಿಲ್ಲ. 'ಇಲ್ಲಿ ಮುಂದೆ ಬೆಳೆಯಲು ಅವಕಾಶ ಕಾಣದ ಕಾರಣ...'

ಇದು ಎಂತ?

ಅವಕಾಶ ಇಲ್ವಾ? ಈ ಲಾಂಡ್ರಿ ನನ್ನ ನಂತರ ಯಾರಿಗೆ ಅಂತ ಇಟ್ಟುಕೊಂಡು ಕೂತಿದ್ದೇನೆ ನಾನು? ಹೇಳಿಲ್ಲ, ಸರಿ, ಹೇಳಿಲ್ಲ. ಎಲ್ಲ ಬಾಯಿಬಿಟ್ಟು ಹೇಳಬೇಕಾ? ನೋಡಿದರೆ ತಿಳಿಯುವುದಿಲ್ವಾ? ಸುಮ್ಮನೆ ಕೀ ಗೊಂಚಲು ನಿನ್ನ ಕೈಯಲ್ಲಿ ಕೊಟ್ಟು ಹೋಗ್ತಿದ್ದೆನಾ ನಾನು?

...ತೆಗೆದೆ ಅದನ್ನು ಕೂಡ. ಕಾರಣ ಬರೆಯಲೇಬಾರದು. ಕಾರಣ ಬರೆದರೆ ಓದಿದವರು ವಾದಕ್ಕೆ ನಿಲ್ತಾರೆ. ನೋಡು, ನಾನೇ ನಿಂತೆ.

ಈಗ ಉಳಿದದ್ದು ಎಂತ? 'ಬೇರೊಂದು ಸಂಸ್ಥೆಗೆ ಸೇರುತ್ತಿರುವುದರಿಂದ ರಾಜೀನಾಮೆ ನೀಡುತ್ತಿದ್ದೇನೆ. ನನ್ನ ಕೊನೆಯ ಕೆಲಸದ ದಿನ...' ಆಮೇಲೆ ಚುಕ್ಕೆ, ಚುಕ್ಕೆ, ಚುಕ್ಕೆ. ತಾರೀಕು ಎಲ್ಲಿ? ತಾರೀಕು ಇಲ್ಲದ ರಾಜೀನಾಮೆ ಉಂಟಾ ಲೋಕದಲ್ಲಿ? ನೀನು ಮಾಡುವ ತಪ್ಪಲ್ಲ ಇದು.

ಗೊತ್ತಿಲ್ವಾ? ಅಂದ್ರೆ ಅವರು ಇನ್ನೂ ಬಾ ಅಂತ ಹೇಳಲಿಲ್ಲ. ಹಾಂ! ಹಾಗಾದರೆ ಅವಸರ ಎಂತಕ್ಕೆ? ಹರಿದು ಹಾಕುವ ಇದನ್ನು. ಚಹಾ ತರಿಸುವ. ದೊಡ್ಡವರು ಹಾಗೇ ಮಗಾ, ಇಂಟರ್‌ವ್ಯೂನಲ್ಲಿ ನಗ್ತಾರೆ, ಮನೆಗೆ ಹೋಗಿ ಮರೆತುಬಿಡ್ತಾರೆ. ಮತ್ತೆ ನೀನೇ ಯೋಚನೆ ಮಾಡು, ಈ ಪಡೀಲಿನಿಂದ ಕೊಟ್ಟಾರಕ್ಕೆ ದಿನಾ ಬಸ್ಸು, ಹೈವೇಯ ಧೂಳು, ಬೆಳಿಗ್ಗೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ಆ ಯೂಸ್ಟೇಸ್ ಜನ ಒಳ್ಳೆಯವನೇ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆಸ್ಪತ್ರೆಯ ಕೆಲಸ ಅಂದ್ರೆ...

ಎಂತ?

ಯಾಕೆ ಹಾಗೆ ನೋಡ್ತೀ? ನೀನೇ ಹೇಳಿದ್ದಲ್ವಾ, ಕೊಟ್ಟಾರದ ಹೊಸ ಆಸ್ಪತ್ರೆ ಅಂತ? ಮೊನ್ನೆ... ಚಹಾ ಕುಡಿಯುವಾಗ... ಹೇಳಿರಲಿಲ್ವಾ? ಹಾಗಾದರೆ ಬಾಗಿ ಹೇಳಿರಬೇಕು. ಅವಳಿಗೂ ಗೊತ್ತಿಲ್ವಾ? ಅಮ್ಮನಿಗೂ ಹೇಳದೆ...

ಅಲ್ಲ, ಮಂಗಳೂರು ಎಷ್ಟು ದೊಡ್ಡದು ಹೇಳು! ಸುದ್ದಿ ತಾನಾಗಿ ಬರ್ತದೆ. ಗುರುವಾರ ಬಿಕರ್ನಕಟ್ಟೆಯ ಬಾಲಯೇಸುವಿನ ಇಗರ್ಜಿಗೆ ಹೋಗಿದ್ದೆನಲ್ಲ, ಅಲ್ಲಿ ಪೂಜೆ ಮುಗಿದ ಮೇಲೆ ಯಾರೋ... ಯಾರೋ ಒಬ್ಬರು... ಹೆಸರು ನೆನಪಿಲ್ಲ.

ಎಂತಾದರೂ ಮಾತಾಡು ಮಾರಾಯ್ತಿ. ಬೈದರೆ ಬೈ. ಹೀಗೆ ಕೂತರೆ ನಾನು ಎಂತ ಮಾಡುವುದು?

...ಹೌದು. ಬಂದಿತ್ತು. ಆ ಆಸ್ಪತ್ರೆಯಿಂದ, ಯೂಸ್ಟೇಸ್ ಅನ್ನುವವನ ಮೇಲ್. ನನ್ನ ಫೋನಿಗೆ ಬಂದದ್ದು, ನಿನ್ನ ಕಂಪ್ಯೂಟರಿಗೆ ಅಲ್ಲ, ಹಾಗಾಗಿ ನಿನಗೆ ಗೊತ್ತಿರಲಿಕ್ಕಿಲ್ಲ... ಆ ಸ್ಕ್ರೀನನ್ನು ಯಾಕೆ ನನ್ನ ಕಡೆ ತಿರುಗಿಸುವುದು? ಎಂತ ಉಂಟು ಅದರಲ್ಲಿ?

ಫೋನಿಗೆ ಬಂದದ್ದು ಇಲ್ಲಿಯೂ ಕಾಣ್ತದಾ? ಎರಡಕ್ಕೂ ಒಂದೇ ಮೇಲ್ ಪೆಟ್ಟಿಗೆಯಾ?

ಅಂದ್ರೆ ಆ ಮೇಲ್ ಬಂದ ದಿನವೇ ನೀನು ನೋಡಿದ್ದಿ. ಇಗರ್ಜಿಯ ಸಂಜೆಗಂಟೆ ಹೊಡೆಯುವ ಮೊದಲು ಆ ದಿನದ ಮೇಲ್‌ಗೆಲ್ಲ ಉತ್ತರ ಹೋಗಬೇಕು ಅಂತ ಎಲ್ಲರಿಗೂ ಪಾಠ ಮಾಡುವವಳು ನಾನು. ಇದೊಂದನ್ನು ಅಮುಕಿ ಹಿಡಿದು ಕೂತದ್ದನ್ನು ನೀನು ದಿನಾ ನೋಡ್ತಾ ಇದ್ದಿ. ನೋಡಿ, 'ಗುಡ್ ಮಾರ್ನಿಂಗ್ ಮೇಡಂ' ಅಂತ ಹೇಳಿ ಕೂತುಕೊಳ್ತಾ ಇದ್ದಿ. ಒಂದು ಮಾತು ಕೇಳಲಿಲ್ಲ. ಅದಕ್ಕೇ ತಾರೀಕು ಖಾಲಿ ಬಿಟ್ಟದ್ದಾ? ನನ್ನ ಬಾಯಿಂದಲೇ ಬರಲಿ ಅಂತ?

ಅವನು ಕೇಳಿದ್ದು ಇಷ್ಟೇ. ಇವಳ ಕೆಲಸ ಹೇಗೆ, ಯಾವಾಗ ಬಿಡ್ತೀರಿ. ಎಷ್ಟು ಚಂದ ಬರೆದಿದ್ದಾನೆ ನೋಡು, ಒಂದು ಶಬ್ದ ಹೆಚ್ಚಿಲ್ಲ. ನಾನು ಬರೆಯಲಿಲ್ಲ ಅಂದುಕೊಳ್ಳಬೇಡ. ಒಮ್ಮೆ ಬರೆದೆ, 'ಒಳ್ಳೆಯ ಹುಡುಗಿ, ಆದರೆ ಕೆಲಸ ನಿಧಾನ' ಅಂತ. ಸುಳ್ಳು. ಅಳಿಸಿದೆ. ಇನ್ನೊಮ್ಮೆ ಬರೆದೆ, 'ಇವಳನ್ನು ಬಿಡಲಿಕ್ಕೆ ನನಗೆ ಆಗುವುದಿಲ್ಲ' ಅಂತ. ಅದು ಸುಳ್ಳಲ್ಲ. ಆದರೂ ಅಳಿಸಿದೆ. ಆಮೇಲೆ ಬಿಕರ್ನಕಟ್ಟೆಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಬಾಲಯೇಸುವಿನ ಹತ್ತಿರ ಎಂತ ಬೇಡಿದೆ ಅಂತ ಮಾತ್ರ ಕೇಳಬೇಡ.

ತಲೆ ಯಾಕೆ ಅಲ್ಲಾಡಿಸ್ತೀ? ನಿನಗೆ ಹೋಗಬೇಕು. ನನಗೆ ಕಾಣುವುದಿಲ್ವಾ?

ಏಳು. ಏಳು ಆ ಕುರ್ಚಿಯಿಂದ. ನಾನು ಹೇಳಿ ನೀನು ಟೈಪ್ ಮಾಡುವ ಮೇಲ್ ಅಲ್ಲ ಇದು. ಆ ಕಿಟಕಿಯ ಹತ್ತಿರ ಹೋಗಿ ನಿಲ್ಲು, ಇಣುಕಬೇಡ. ಎಲ್ಲಿ ಉಂಟು ಇದರಲ್ಲಿ 'ಟಿ'... ಹಾಂ. 'ತೃಷಾ... ಕೆಲಸ... ಬಲ್ಲಳು.' ಸಾಕು. ಇಲ್ಲ, ಸಾಕಾಗಲಿಲ್ಲ. 'ನನ್ನ ಹೆಸರಿನಲ್ಲಿ ಹೋದ ಒಳ್ಳೆಯ ಕಾಗದಗಳಲ್ಲಿ ಹೆಚ್ಚಿನವು... ಅವಳೇ ಬರೆದದ್ದು.' ಹಿಂದೆ ತಿರುಗಬೇಡ ಅಂದೆನಲ್ಲ! 'ಒಂದನೇ ತಾರೀಕಿನಿಂದ... ನಿಮ್ಮಲ್ಲಿಗೆ... ಬರಬಹುದು.'

ಬರೆದೆ.

ಬಾ ಇಲ್ಲಿ. ಸೆಂಡ್ ಎಲ್ಲಿ ಒತ್ತುವುದು, ತೋರಿಸು.

...ಗೊತ್ತುಂಟು ಮಾರಾಯ್ತಿ, ಎಲ್ಲಿ ಅಂತ ನನಗೆ ಗೊತ್ತುಂಟು. ಆದರೂ ಬಾ. ಸ್ವಲ್ಪ ಹತ್ತಿರ ನಿಲ್ಲು.