ಹಗ್ಗ ಹಿಡಿಯುವವನು

ವಯನಾಡಿನ ಮಾನಂತವಾಡಿಯಲ್ಲಿ ಪಯ್ಯಂಪಳ್ಳಿ ಬಸ್ಸಿಗೆ ಕಾಯುತ್ತಿದ್ದ ಅಮ್ಮಿಣಿಯ ಕಿವಿ, ಪಕ್ಕದಲ್ಲಿ ಕನ್ನಡದಲ್ಲಿ ಜಗಳವಾಡುತ್ತಿದ್ದ ಭಾವ-ಮೈದುನರ ಕಡೆಗೇ ಇತ್ತು.

“ಬೇರೆ ಬೇರೆ ಗೇಮಿನ ಫೈಟರ್‌ಗಳೆಲ್ಲ ಇದೊಂದೇ ಗೇಮಲ್ಲಿ ಹೊಡೆದಾಡ್ತಾರೆ ಭಾವ. ಗೇಮಿನವ್ರಿಗೆ ಹೊರಗಿಂದ ಒಬ್ಬ ಅತಿಥಿ ಫೈಟರ್ ಬೇಕಂತೆ. ನಾನು ಬರೆದ ಚಿತ್ರದಲ್ಲಿರೋ ಜೇನು ಕೀಳೋನನ್ನ ಇಷ್ಟಪಟ್ಟವ್ರೆ. ಅವ್ನಿಗೆ ನಿಂದೇ ಮುಖ!”

“ಮತ್ಯಾಕೆ ಅಳು ಮೋರೆ, ರತೀಶಾ?”

“ಅತಿಥಿ ಒಬ್ನೇ ಇರ್ಬೇಕಂತೆ. ಚಿತ್ರದಲ್ಲಿ ಬಂಡೆ ಮೇಲೆ ಹಗ್ಗ ಹಿಡಿದಿರೋ ನನ್ನ ಅಳಿಸಿ, ಹಗ್ಗಾನ ಮರಕ್ಕೆ ಕಟ್ಬೇಕಂತೆ. ಈಗ್ಲೇ ಹೇಳ್ಬೇಕು, ಕಾಡು ಹೊಕ್ರೆ ರೇಂಜ್ ಇರಲ್ಲ.”

“ಹೆಂಡ್ತಿ ತಮ್ಮ ಹಗ್ಗ ಹಿಡೀದೆ ನಮ್ಮಲ್ಲಿ ಯಾರಾದ್ರೂ ಜೇನಿಗೆ ಬಂಡೆ ಇಳಿದದ್ದುಂಟಾ? ಅಕ್ಕನ ಬಾಳು ಅವ್ನ ಕೈಲಿರ್ತದೆ, ಅವ್ನು ಬಿಡಲ್ಲ.”

“ಥೂ, ಅದು ಗೇಮು! ಬಿದ್ದು ಸತ್ರೂ ಎದ್ದು ಬರ್ತಾನೆ! ಒಪ್ಪಿದ್ರೆ ಚಿತ್ರ ಬರೆಯೋ ಕೆಲ್ಸಾನೂ ಕೊಡ್ತಾರೆ. ಎಂಟನೇ ಕ್ಲಾಸು ಬಿಟ್ಟೋನಿಗೆ ಇನ್ಯಾರು ಕೊಡ್ತಾರೆ? ಕಾಲಿಗೆ ಬೀಳ್ತೀನಿ, ಹೂಂ ಅನ್ನು.”

“ಅಳಿಸ್ಕೋ. ನಾಳೆ ನನ್ ಹಗ್ಗಾನೂ ಮರಕ್ಕೇ ಕಟ್ಕೋತೀನಿ.”

ತಿರುನೆಲ್ಲಿ ಬಸ್ಸು ಬಂತು. ಭಾವ ಹಿಂತಿರುಗಿ ನೋಡದೆ ಹತ್ತಿದ. ರತೀಶ್ ಫೋನಿನ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತೇ ಇದ್ದ. ಬಸ್ಸು ಹೊರಟಾಗ ಗೇಮಿನವರ ವಂಶವನ್ನೆಲ್ಲ ಬೈದು, ಏನನ್ನೂ ಕಳಿಸದೆ ಫೋನನ್ನು ಜೇಬಿಗೆ ತುರುಕಿ ಓಡಿದ. ಬಾಗಿಲಿಗೆ ಜೋತುಬಿದ್ದವನ ಒಡೆದ ದನಿ ಅಮ್ಮಿಣಿಗೂ ಕೇಳಿಸಿತು.

“ಹಳೇ ಹಗ್ಗ ಸವೆದದೆ ಭಾವ! ನಾನು ಹೊಸದು ಹೊಸೆಯೋವರೆಗೂ ನೀನು ಇಳೀಬೇಡ!”