ಏರು ಹತ್ತದ ಜೀಪು

ಚಿಮಣಿ ದೀಪ ಸ್ವಲ್ಪ ಸಣ್ಣ ಮಾಡಿ. ನಗುವವರು ಈಗಲೇ ನಕ್ಕು ಮುಗಿಸಿ, ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗುತ್ತೇನೆ. ಇದು ಯಾರೋ ಹೇಳಿದ್ದಲ್ಲ. ಅರ್ಧ ನನ್ನ ದೊಡ್ಡಮ್ಮನ ಮಗ ಶೀನಣ್ಣನಿಗೆ ಆದದ್ದು, ಇನ್ನರ್ಧ ನಾನೇ ಪಕ್ಕದಲ್ಲಿ ಕೂತು ಕಂಡದ್ದು.

ಎಂಬತ್ತನಾಲ್ಕನೇ ಇಸವಿ. ಶಿರ್ವದಲ್ಲಿ ಪೀಟರ್‌ನ ಗ್ಯಾರೇಜಿನಿಂದ ಶೀನಣ್ಣ ರಾತ್ರಿ ನಡೆದುಕೊಂಡು ಮನೆಗೆ ಹೊರಟಿದ್ದ. ಗಂಟೆ ಹತ್ತು ಕಳೆದಿತ್ತು. ಅವನ ಮನೆ ಕಾಪುವಿನ ಕಡೆ, ಇಳಿಜಾರಿನ ಕೆಳಗೆ. ಆ ಇಳಿಜಾರಿನ ಬುಡದಲ್ಲಿ ಒಂದು ಆಲದ ಮರ, ಅದರ ಅಡಿಯಲ್ಲಿ ಕಲ್ಲು ಕಟ್ಟಿದ ಬಾವಿ. ಜೀಪು ಇದ್ದವನು ಯಾಕೆ ನಡೆದ ಅಂತ ಕೇಳಬೇಡಿ. ಜೀಪಿನ ಇಂಜಿನ್ ಬಿಚ್ಚಿ ಪೀಟರ್‌ನ ಬೆಂಚಿನ ಮೇಲೆ ಇಟ್ಟಿದ್ದರು.

ಅದು ಏಲಂನಲ್ಲಿ ಕೂಗಿ ತೆಗೆದ ಹಳೆಯ ಜೀಪು. ನಾಲ್ಕೂ ಚಕ್ರ ಎಳೆಯುವಂಥದ್ದು. ಒಳಗಿದ್ದ ಡೀಸೆಲ್ ಇಂಜಿನ್ ಮಾತ್ರ ತೀರಾ ಸಣ್ಣದು. ಕಾಪುವಿನಿಂದ ಶಿರ್ವಕ್ಕೆ ಜನ ತುಂಬಿಸಿಕೊಂಡು ಬಂದರೆ ಬಾವಿ ದಾಟಿ ಏರು ಹಿಡಿಯುವಾಗ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಫೋರ್ ವೀಲ್ ಹಾಕಿದರೆ ಚಕ್ರ ಜಾರುವುದಿಲ್ಲ, ಸರಿ, ಆದರೆ ಉಸಿರು ಇಂಜಿನ್ನಿನದ್ದು ತಾನೇ? ಹಾಗಾಗಿ ಶೀನಣ್ಣನದ್ದು ಒಂದೇ ಕ್ರಮ. ಬಾವಿಯ ಹತ್ತಿರ ಎಲ್ಲರೂ ಇಳಿಯಬೇಕು, ನಡೆದು ಏರು ಹತ್ತಬೇಕು, ಮೇಲೆ ಮತ್ತೆ ಕೂರಬೇಕು. ಒಬ್ಬರನ್ನು ಕೂರಿಸಿದರೆ ಎಲ್ಲರೂ ಕೂರುತ್ತಾರೆ ಅಂತ ಅವನ ವಾದ.

ಹಿಂದಿನ ವರ್ಷ ಅಣ್ಣು ಮಾವ ಅಂತ ಒಬ್ಬರು, ಏರಿನ ತುದಿಯಲ್ಲೇ ಅವರ ಮನೆ, ಎದೆ ಹಿಡಿದುಕೊಂಡು ಹೇಳಿದ್ದರಂತೆ, ನಾನು ಇವತ್ತು ಕೂತಿರುತ್ತೇನೆ ಶೀನ, ಸುಸ್ತು ಆಗ್ತದೆ ಅಂತ. ಶೀನಣ್ಣ ಅವರನ್ನೂ ಇಳಿಸಿದ. ಅಣ್ಣು ಮಾವ ನಾಲ್ಕು ಹೆಜ್ಜೆ ಹತ್ತಿದರು, ಹಿಂದೆ ಬಂದು ಬಾವಿಕಟ್ಟೆಯಲ್ಲಿ ಕೂತರು... ಮತ್ತೆ ಏಳಲಿಲ್ಲ.

ನಮ್ಮಲ್ಲಿ ಬೊಜ್ಜದ ರಾತ್ರಿ, ಅಂದರೆ ಉತ್ತರಕ್ರಿಯೆಯ ದಿನ, ಸತ್ತವರನ್ನು ಒಳಗೆ ಕರೆಯುವುದು ಉಂಟು. ಎಲೆ ಹಾಕಿ ಬಡಿಸುವುದು, ಅಂಗಳಕ್ಕೆ ಬಂದು ಮೂರು ಸಲ ಕರೆಯುವುದು, ಬಾಗಿಲು ಎಳೆದುಕೊಳ್ಳುವುದು. ಆಮೇಲೆ ನೋಡಿದಾಗ ಎಲೆಯಲ್ಲಿ ಏನಾದರೂ ಅಲುಗಿದ್ದರೆ ಬಂದರು ಅಂತ ಲೆಕ್ಕ. ಅಣ್ಣು ಮಾವನ ಎಲೆಯಲ್ಲಿ ಒಂದು ಅಗುಳೂ ಅಲುಗಲಿಲ್ಲ. ಅವರ ಹೆಂಡತಿ ಅಪ್ಪಿಯಕ್ಕ ಅಮಾವಾಸ್ಯೆಗೊಮ್ಮೆ ಕರೆದರು. ಮೀನು ಬದಲಿಸಿದರು, ಕೋಳಿ ಮಾಡಿದರು, ಯಾವ ತಪ್ಪಿಗೆ ಸಿಟ್ಟು ಅಂತ ಜನರನ್ನು ಕೇಳಿದರು. ಬರಲಿಲ್ಲ. ಶೀನಣ್ಣ ಈ ಸುದ್ದಿ ಕೇಳಿದಾಗಲೆಲ್ಲ ಊಟ ಬಿಟ್ಟು ಏಳುತ್ತಿದ್ದ.

ಆ ರಾತ್ರಿ ಅವನ ತಲೆಯಲ್ಲಿ ಇದ್ದದ್ದು ಪೀಟರ್ ಹೇಳಿದ ಲೆಕ್ಕ. ಹಳೆಯ ಇಂಜಿನನ್ನೇ ಬೋರ್ ಮಾಡಿ ರಿಂಗ್ ಹಾಕಿದರೆ ಮೂರೂವರೆ ಸಾವಿರ. ಓಡುತ್ತದೆ, ಆದರೆ ಏರು ಏರೇ. ದೊಡ್ಡ ಇಂಜಿನ್ ಕೂರಿಸಿದರೆ ಹದಿನಾಲ್ಕು ಸಾವಿರ. ಅದರ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪಾಟಾ ದಪ್ಪ ಮಾಡಬೇಕು, ಹಳೆಯ ಗೇರ್‌ಬಾಕ್ಸ್ ತಡೆದೀತು ಅಂತ ಪೀಟರ್ ಬರೆದುಕೊಡಲು ತಯಾರಿಲ್ಲ. ಡೀಸೆಲ್ ಎಷ್ಟು ಕುಡಿಯುತ್ತದೋ ದೇವರಿಗೆ ಗೊತ್ತು. ಹೆಂಡತಿ ಕುಶಲತ್ತಿಗೆಯ ಚಿನ್ನದ ಚಕ್ರಸರ ಮಾರಬೇಕು. ಶೀನಣ್ಣನಿಗೆ ಸಾಕಾಗಿತ್ತು. ರಿಪೇರಿಯೇ ಸಾಕು ಅಂತ ಅರ್ಧ ದಾರಿಯಲ್ಲಿ ತೀರ್ಮಾನ ಮಾಡಿಯೂ ಆಗಿತ್ತು.

ಬಾವಿ ಹತ್ತಿರ ಬಂತು. ಗಾಳಿ ಇರಲಿಲ್ಲ. ಆಲದ ಎಲೆ ಒಂದೂ ಅಲುಗುತ್ತಿರಲಿಲ್ಲ.

ಹ್ಸೂ... ಹ್ಸೂ...

ತೂತು ಬಿದ್ದ ತಿದಿ ಒತ್ತಿದ ಹಾಗೆ. ಬಾವಿಕಟ್ಟೆಯಿಂದ.

"ಶೀನಾ... ಜೀಪು ಎಲ್ಲಿ?"

ಶೀನಣ್ಣ ಕತ್ತು ತಿರುಗಿಸಲಿಲ್ಲ. ಸ್ವರ ಗೊತ್ತಾಯಿತು. ನಿಂತಲ್ಲಿಂದಲೇ ಹೇಳಿದ:

"ಗ್ಯಾರೇಜಿನಲ್ಲಿ ಉಂಟು, ಮಾವ."

"ಎಂತ ಮಾಡ್ತೀ?"

"ರಿಪೇರಿ. ದೊಡ್ಡದಕ್ಕೆ ತುಂಬ ಖರ್ಚುಂಟು."

ಹ್ಸೂ... ಹ್ಸೂ...

"ರಿಪೇರಿ ಮಾಡಿದರೆ... ಇಳಿಯಬೇಕಲ್ಲ?"

"ಹೂಂ. ಇಳಿಯಬೇಕು."

"ಅಪ್ಪಿ ಕರೆಯುವುದು ಇಲ್ಲಿಗೆ ಕೇಳ್ತದೆ, ಶೀನಾ. ಹತ್ತಲಿಕ್ಕೆ ಆಗುವುದಿಲ್ಲ."

ಅಷ್ಟೇ. ಬೈಯಲಿಲ್ಲ, ಹೆದರಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅಂತ ಶೀನಣ್ಣ ನನ್ನ ಹತ್ತಿರ ಹೇಳಿದ. ಮನೆಗೆ ಬಂದವನು ಜಗಲಿಯಲ್ಲೇ ಕೂತುಬಿಟ್ಟಿದ್ದನಂತೆ. ಬೆಳಿಗ್ಗೆ ಕುಶಲತ್ತಿಗೆಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿದಳು. ಚಕ್ರಸರ ತೆಗೆದು ಅವನ ಕೈಗೆ ಕೊಟ್ಟು ದನದ ಹಟ್ಟಿಗೆ ಹೋದಳು.

ಇಂಜಿನ್ ಕೂರಿಸಲು ಪೀಟರ್‌ಗೆ ಮೂರು ವಾರ ಬೇಕಾಯಿತು. ಬಾನೆಟ್ ಮುಚ್ಚಲಿಕ್ಕೇ ಆಗದೆ ತಗಡು ಬಡಿದು ಎತ್ತರಿಸಿದ. ಜೀಪು ಈಚೆ ಬಂದ ದಿನ ಭಾನುವಾರ. ಶೀನಣ್ಣ ನನ್ನನ್ನು ಕರೆದ. ಬಾ, ಕಾಪುವಿಗೆ ಹೋಗಿ ಬರುವ, ಒಬ್ಬನಿಗೆ ಆಗುವುದಿಲ್ಲ ಅಂದ. ನನಗೆ ಬಾವಿಯ ವಿಷಯ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೋಗುತ್ತಿದ್ದೆನಾ?

ಕಾಪುವಿನಿಂದ ಹಿಂದೆ ಹೊರಡುವಾಗ ರಾತ್ರಿ ಒಂಬತ್ತೂವರೆ. ಪ್ಯಾಸೆಂಜರ್ ಒಬ್ಬರೂ ಇರಲಿಲ್ಲ. ಹಿಂದಿನ ಎರಡು ಸೀಟೂ ಖಾಲಿ. ನಾನೇ ಟಾರ್ಚ್ ಹಾಕಿ ನೋಡಿದ್ದೆ, ಯಾಕೆಂದರೆ ಯಾರೋ ಕೊಡೆ ಬಿಟ್ಟಿದ್ದಾರಾ ಅಂತ ಶೀನಣ್ಣ ಕೇಳಿದ್ದ.

ಬಾವಿಯ ಹತ್ತಿರ ಜೀಪು ನಿಲ್ಲಿಸಿದ. ಇಂಜಿನ್ ಬಂದ್ ಮಾಡಲಿಲ್ಲ. ಡಗ್‌ಡಗ್... ಡಗ್‌ಡಗ್... ಇಳಿದು ಹಿಂದೆ ಹೋದ. ಹಿಂದಿನ ಬಾಗಿಲಿನ ಕೊಂಡಿ ಟಣ್ ಅಂತ ತೆಗೆದ ಸದ್ದು. ಆಮೇಲೆ ಅವನ ಸ್ವರ, ತೀರಾ ಸಣ್ಣಕ್ಕೆ:

"ಕೂತುಕೊಳ್ಳಿ, ಮಾವ. ಇವತ್ತು ಇಳಿಯುವುದು ಬೇಡ."

ಯಾರ ಹತ್ತಿರ ಮಾತಾಡ್ತೀ ಅಂತ ಕೇಳಲು ನಾನು ತಿರುಗಿದೆ. ಬಾಯಿ ತೆರೆಯುವ ಮೊದಲೇ ಹಿಂದಿನ ಪಾಟಾ ಕಿರ್‌ರ್... ಅಂದಿತು. ಜೀಪು ಎಡಕ್ಕೆ ಒಂದು ಬೆರಳು ತಗ್ಗಿತು. ಭಾರದ ಮನುಷ್ಯ ಹತ್ತಿ ಕೂತರೆ ಹೇಗೆ ತಗ್ಗುತ್ತದೆ, ಹಾಗೆಯೇ. ನಾನು ಮತ್ತೆ ಹಿಂದೆ ನೋಡಲಿಲ್ಲ. ಶೀನಣ್ಣ ಬಂದು ಕೂತ, ಸೆಕೆಂಡ್ ಗೇರ್ ಹಾಕಿದ. ಇಂಜಿನ್ ಒಂದು ಸಲವೂ ಏದುಸಿರು ಬಿಡಲಿಲ್ಲ. ಏರು ಪೂರ್ತಿ ಮುಗಿಯುವ ತನಕ ನನ್ನ ಕಿವಿಯ ಹಿಂದೆ ಹ್ಸೂ... ಹ್ಸೂ... ಮಾತ್ರ ಇತ್ತು. ತುದಿ ಹತ್ತಿರ ಬಂದ ಹಾಗೆ ಅದೂ ನಿಧಾನ ಆಯಿತು.

ಅಪ್ಪಿಯಕ್ಕನ ಮನೆಯ ಅಂಗಳಕ್ಕೆ ಹೋಗುವ ದಣಪೆಯ ಎದುರು ಶೀನಣ್ಣ ನಿಲ್ಲಿಸಿದ. ಇಳಿದು ಹೋಗಿ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತ. ಜೀಪು ಮೆಲ್ಲಗೆ ನೇರ ಆಯಿತು. ಅವನು ಬಂದು ಸ್ಟೀಯರಿಂಗಿಗೆ ಹಣೆ ಇಟ್ಟು ಅತ್ತ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಹೆದರಿಕೆಗಿಂತ ಪಾಪ ಅನ್ನಿಸಿತು.

ಅಪ್ಪಿಯಕ್ಕನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅವತ್ತು ಅಮಾವಾಸ್ಯೆಯೂ ಅಲ್ಲ. ಆದರೂ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಚಿಮಣಿ, ಇನ್ನೊಂದರಲ್ಲಿ ನೀರಿನ ಚೊಂಬು. ಜೀಪಿನ ಕಡೆ ಅವರು ನೋಡಲೇ ಇಲ್ಲ.

"ಎಷ್ಟು ತಡ ಮಾಡಿದಿರಿ," ಅಂದರು. ಬೇಜಾರಿನಲ್ಲಿ ಅಲ್ಲ, ದಿನಾ ಗಂಡನಿಗೆ ಹೇಳುವ ಹಾಗೆ.

ಮೆಟ್ಟಿಲ ಹತ್ತಿರ ಬಗ್ಗಿ ಚೊಂಬಿನ ನೀರು ಹೊಯ್ದರು. ನೀವೂ ದಿನಾ ಹೊರಗಿನಿಂದ ಬಂದು ಕಾಲು ತೊಳೆಯುವವರೇ ಅಲ್ವಾ? ಬರೀ ಕಲ್ಲಿಗೆ ಬಿದ್ದ ನೀರಿನ ಸದ್ದು ಒಂದು ರೀತಿ. ಕಾಲಿನ ಮೇಲೆ ಬಿದ್ದು, ಬೆರಳ ಸಂದಿಯಿಂದ ಕಲ್ಲಿಗೆ ಇಳಿಯುವ ನೀರಿನ ಸದ್ದು ಬೇರೆ. ಮೊದಲು ಒಂದು ಕಾಲು, ಸ್ವಲ್ಪ ತಡೆದು ಇನ್ನೊಂದು.

ನಾನು ಹತ್ತು ಮಾರು ದೂರದಲ್ಲಿ ಕೂತಿದ್ದೆ. ನನ್ನ ಕಿವಿ ಇವತ್ತಿಗೂ ಸರಿಯಾಗಿಯೇ ಉಂಟು. ಆ ಮೆಟ್ಟಿಲ ಮೇಲೆ ಯಾರೂ ಕಾಣಲಿಲ್ಲ, ನೀರು ಬಿದ್ದದ್ದು ಕಲ್ಲಿಗಲ್ಲ.