ಎಡೆಯ ಮುಂದಿನಿಂದ ಕಾಣೆಯಾದ ನೀಲಿ ಬೊಂಬೆ

ಹೆಸರು: ಮಲ್ಲಿಕಾರ್ಜುನಸ್ವಾಮಿ. ವಯಸ್ಸು: 43 ವರ್ಷ. ಕಸುಬು: ಖಾಸಗಿ ಪ್ರೌಢಶಾಲೆಯಲ್ಲಿ ಗುಮಾಸ್ತ. ವಾಸ: ಗುಂಡ್ಲುಪೇಟೆ ಟೌನ್.

ನಾನು ಈ ದಿನ ಚಾಮರಾಜನಗರದ ಠಾಣೆಗೆ ಖುದ್ದು ಹಾಜರಾಗಿ, ಹೆಂಡತಿ ಶಾಂತಿಯ ಒತ್ತಾಯವೊಂದನ್ನು ಬಿಟ್ಟು ಬೇರೆ ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದು ಏನೆಂದರೆ:

ಉಡಿಗಾಲದಲ್ಲಿರುವ ನನ್ನ ಅತ್ತೆ ದೊಡ್ಡಮಾದಮ್ಮನವರ ಮನೆಯಿಂದ ಬೊಂಬೆ ಕದ್ದನೆಂಬ ದೂರಿನ ಮೇಲೆ ಬೆಳಿಗ್ಗೆಯಿಂದ ತಮ್ಮ ಠಾಣೆಯ ಬೆಂಚಿನ ಮೇಲೆ ಕೂತಿರುವ ಬೇಗೂರಿನ ಮೊಬೈಲ್ ಅಂಗಡಿಯ ಶಿವಶಂಕರ ಏನನ್ನೂ ಕದ್ದಿರುವುದಿಲ್ಲ. ಬೊಂಬೆ ತೆಗೆದವನು ನಾನು. ಅದರ ವಿವರ ಕೆಳಗಿನಂತಿರುತ್ತದೆ.

ಅತ್ತೆಯ ಮಗ, ನನ್ನ ಬಾಮೈದ ಮಾದೇವನಿಗೂ ನನಗೂ ಜೇಬಿನಲ್ಲಿ ಹಿಡಿಸುವಂಥ ರೋಬೋಟ್ ಬೊಂಬೆ ಕೂಡಿಡುವ ಹವ್ಯಾಸವಿತ್ತು. ನಲವತ್ತು ದಾಟಿದ ಗಂಡಸಿಗೆ ಇದು ಶೋಭೆಯೇ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಕೇಳಿದ್ದು, ಶೋಭೆಯಲ್ಲವೆಂದು ಉತ್ತರಿಸಿರುತ್ತೇನೆ. ನನ್ನವು ಡೈಕಾಸ್ಟ್, ಎಂದರೆ ಅಚ್ಚಿಗೆ ಲೋಹ ಹುಯ್ದು ಮಾಡಿದವು. ಮಾದೇವನವು ಪ್ಲಾಸ್ಟಿಕ್. ಲೋಹದ್ದು ಕೈಗೆ ತೂಕವಾಗಿರುತ್ತದೆ. ಆದರೆ ಬಣ್ಣ ಚಕ್ಕೆ ಏಳುತ್ತದೆ, ಮಳೆಗಾಲದಲ್ಲಿ ತಿರುಪು ತುಕ್ಕು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಗಾಜಿನ ಬೀರುವಿನಲ್ಲಿಟ್ಟು, ದೂರದಿಂದ ನೋಡಿ ಸುಖಪಡಬೇಕು. ಪ್ಲಾಸ್ಟಿಕ್ಕಿನದು ಬಿಸಿಲಿಗೆ ಹಳದಿಯಾಗುತ್ತದೆ, ಕೀಲು ಸಡಿಲವಾಗುತ್ತದೆ, ಆದರೆ ಹೇಳಿದ ಕಡೆಯೆಲ್ಲ ಮಡಚಿಕೊಳ್ಳುತ್ತದೆ. ಮಾದೇವ ಸಡಿಲವಾದ ಕೀಲಿಗೆ ಅಕ್ಕನ ಉಗುರುಬಣ್ಣ ಹಚ್ಚಿ ಬಿಗಿ ಮಾಡುತ್ತಿದ್ದ. ಮುರಿದ ಕೈಯನ್ನು ಸೋಲ್ಡರಿಂಗ್ ಕಡ್ಡಿ ಕಾಯಿಸಿ ಬೆಸೆಯುತ್ತಿದ್ದ. ಆದ್ದರಿಂದ ಆ ಮನೆ ಯಾವಾಗಲೂ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಆ ದರಿದ್ರವ ಆಚ್ಗೆ ಎಸಿಲಾ, ಮನೆಯೆಲ್ಲ ಗಬ್ಬು" ಎಂದು ಬಯ್ಯುವುದು ನಿತ್ಯದ ಕಾರ್ಯಕ್ರಮವಾಗಿತ್ತು.

ನಮ್ಮಿಬ್ಬರಲ್ಲಿ ವಾದವಿತ್ತು. ಮಾದೇವ ತನ್ನ ನೀಲಿ ಬೊಂಬೆಯನ್ನು ನನ್ನ ಕೆಂಪು ಬೊಂಬೆಯ ಎದುರು ಕುಕ್ಕುರುಗಾಲಲ್ಲಿ ಕೂರಿಸಿ, "ಬಾವ, ನಿಮ್ಮ ಕೆಂಪಣ್ಣ ಬೊಂಬೆಯಲ್ಲ ಕಣ, ಗಡಿಕಲ್ಲು. ನಿಲ್ಸುದ್ರ ನಿಂತದ, ಅಷ್ಟೆಯ. ನಮ್ಮಂವ ನೋಡಿ, ಬೀಡಿ ಒಂದು ಕೊಟ್ರ ಮಾತಾಡ್ಬುಡ್ತನ" ಎನ್ನುತ್ತಿದ್ದ. ನಾನು, "ನಿಮ್ಮಂವ ಬಿಸಿ ತಗುಲುದ್ರ ಕರಗೋಯ್ತನ ಕಣ್ಲಾ" ಎನ್ನುತ್ತಿದ್ದೆ. ಯಾರದು ಮೊದಲು ಹಾಳಾಗುತ್ತದೋ ಅವರು ಸೋತಂತೆ ಎಂದು ಪಂಥವಾಗಿತ್ತು.

ಕಳೆದ ಫೆಬ್ರವರಿಯಲ್ಲಿ ಬೇಗೂರಿನ ಹತ್ತಿರ ಮಾದೇವನ ಬೈಕಿಗೆ ಕಾಡುಹಂದಿ ಅಡ್ಡ ಬಂದು ಆತ ಸ್ಥಳದಲ್ಲೇ ತೀರಿಕೊಂಡ. ಅಂಗಿಯ ಜೇಬಿನಲ್ಲಿದ್ದ ನೀಲಿ ಬೊಂಬೆಯನ್ನು ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟರು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಆ ದಿನದ ಮಟ್ಟಿಗೆ ಪಂಥದಲ್ಲಿ ಪ್ಲಾಸ್ಟಿಕ್ ಮುಂದಿತ್ತು.

ಆ ಬೆಳಿಗ್ಗೆಯೂ ಅತ್ತೆ ವಾಸನೆಯ ವಿಚಾರಕ್ಕೆ ಮಗನನ್ನು ಬಯ್ದು ಕಳಿಸಿದ್ದರು. ಅಲ್ಲಿಂದೀಚೆಗೆ ಅವರ ಬಾಯಲ್ಲಿ ಒಂದೇ ಮಾತು: "ನನ್ ಮ್ಯಾಲ ಮುನಿಸ್ಕಂಡೇ ಓದ್ನ ಅಳಿಮಯ್ಯ?" ಊಟ ಅರ್ಧಕ್ಕೆ ಬಿಡುತ್ತಿದ್ದರು. ಮಗನ ಕೋಣೆಯ ಬಾಗಿಲನ್ನು ಯಾರೂ ತೆಗೆಯುವ ಹಾಗಿರಲಿಲ್ಲ.

ನಿನ್ನೆ ಪಿತೃಪಕ್ಷದ ಅಮಾವಾಸ್ಯೆಯಾಗಿದ್ದು, ನಡುಮನೆಯಲ್ಲಿ ಮಾದೇವನಿಗೆ ಮೊದಲ ಎಡೆ ಇಡಲಾಯಿತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ನಮ್ಮಲ್ಲಿಯ ಪದ್ಧತಿ. ಅಷ್ಟರಲ್ಲಿ ಸತ್ತವರು ಬಂದು ಉಂಡು ಹೋಗುತ್ತಾರೆ. ಮುನಿಸಿಕೊಂಡವರು ಎಡೆ ಮುಟ್ಟುವುದಿಲ್ಲ. ಅತ್ತೆ ಹಿಟ್ಟಿನ ಮುದ್ದೆ, ಬಾಡುಸಾರು, ಹೊಸ ಅಂಗಿ, ಒಂದು ಬಾಟಲಿ ಬಿಯರ್ ಇಟ್ಟರು. ಬೊಂಬೆಗಳ ಜವಾಬ್ದಾರಿ ನನ್ನದಾಗಿತ್ತು. ಪಂಥ ಇನ್ನೂ ಮುಗಿದಿಲ್ಲವೆಂದು ತೋರಿಸಲು ಗುಂಡ್ಲುಪೇಟೆಯಿಂದ ನನ್ನ ಕೆಂಪು ಬೊಂಬೆಯನ್ನೂ ತಂದಿದ್ದೆ. ಅದನ್ನು ಧೂಪದ ಬಟ್ಟಲಿನ ಪಕ್ಕ ನಿಲ್ಲಿಸಿದೆ. ಕೂರುವುದೇ ನೀಲಿ ಬೊಂಬೆಯ ಹೆಚ್ಚುಗಾರಿಕೆಯಾದ್ದರಿಂದ ಅದನ್ನು ಎದುರಿಗೆ, ಬಟ್ಟಲಿನ ಅಂಚಿಗೆ, ಕುಕ್ಕುರುಗಾಲಲ್ಲಿ ಕೂರಿಸಿದೆ. ಲೋಹವನ್ನೇ ಇಟ್ಟು ರೂಢಿಯಾದ ಕೈ. ಬೆಂಕಿಯ ಯೋಚನೆ ಬರಲಿಲ್ಲ. ಏಳು ತಿಂಗಳಿಂದ ಉಗುರುಬಣ್ಣ ಕಾಣದೆ ಅದರ ಕೀಲು ಸಡಿಲವಾಗಿದ್ದದ್ದೂ ಗಮನಕ್ಕೆ ಬರಲಿಲ್ಲ.

ಬಾಗಿಲು ಮುಚ್ಚಿದ ಹೊತ್ತಿನಲ್ಲಿ, ಮಾದೇವನ ಗೆಳೆಯನೆಂದು ಊಟಕ್ಕೆ ಬಂದಿದ್ದ ಶಿವಶಂಕರ ಫೋನ್ ಬಂತೆಂದು ಹಿತ್ತಲಿಗೆ, ಎಂದರೆ ಮನೆಯ ಹಿಂಬಾಗಿಲ ಕಡೆಗೆ, ಹೋಗಿದ್ದು ನಿಜ. ಅವನು ಮಾಡಿದ ಅಪರಾಧ ಅಷ್ಟೇ.

ಬಾಗಿಲು ತೆಗೆದಾಗ ನಾನು ಮುಂದೆ, ಶಿವಶಂಕರ ಹಿಂದೆ ಒಳಗೆ ಹೋದೆವು. ನೀಲಿ ಬೊಂಬೆ ಕೆಂಡದಲ್ಲಿ ಮುಖ ಕೆಳಗಾಗಿ ಬಿದ್ದು, ತಲೆ ಎದೆ ಕರಗಿ ಒಂದಾಗಿದ್ದವು. ಕೆಂಪು ಬೊಂಬೆ ಕೊಂಚ ಮಸಿ ಹಿಡಿದು ನಿಂತೇ ಇತ್ತು. ಅತ್ತೆ ಇದನ್ನು ನೋಡಬಾರದೆಂದು ನೀಲಿಯದನ್ನು ಕರವಸ್ತ್ರದಲ್ಲಿ ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಬಲತೊಡೆಯ ಮೇಲೆದ್ದ ಬೊಬ್ಬೆಯನ್ನು ರೈಟರ್ ಸಾಹೇಬರು ನೋಡಲು ಒಪ್ಪಿರುವುದಿಲ್ಲ.

ಅತ್ತೆ ಹೊಸ್ತಿಲಲ್ಲಿ ನಿಂತು ಮೂಗು ಅರಳಿಸಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ನನ್ನ ಹೆಂಡತಿಯ ತೋಳು ಹಿಡಿದು, "ಬಂದಿದ್ದನ ಕಣಮ್ಮಿ ಶಾಂತಿ! ನಿನ್ ತಮ್ಮ ಬಂದಿದ್ದನ. ವಾಸ್ನ ನೋಡು, ಅವಂದೇ ವಾಸ್ನ. ಬೊಂಬನೂ ಎತ್ಕಂಡು ಓಗವ್ನ. ಮುನಿಸ್ಕಂಡಿಲ್ಲ ಕಣಮ್ಮಿ" ಎಂದರು. ಏಳು ತಿಂಗಳಲ್ಲಿ ಮೊದಲ ಸಲ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು.

ಆದರೆ ಶಾಂತಿಯ ದೊಡ್ಡಪ್ಪ ಬೀರಯ್ಯನವರು, "ಸತ್ತಂವ ಬೊಂಬ ತಕ್ಕೊಂಡು ಏನ್ ಮಾಡ್ತನ? ಇದು ಹಿತ್ತಲ ಕಡಯಿಂದ ಬಂದ ಕೈ" ಎಂದು ಶಿವಶಂಕರನ ಜೇಬು ತಡವಿದರು. ಅವನು ನಾನು ಬೊಂಬೆ ಎತ್ತಿದ್ದನ್ನು ಕಣ್ಣಾರೆ ಕಂಡಿದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಕಿವಿಯ ಹತ್ತಿರ ಬಂದು, "ಅವ್ವ ಉಣ್ತಾವ್ರ, ಸುಮ್ನಿರಿ ಬಾವ" ಎಂದ. ನಾನು ಅತ್ತೆಗೆ ಸಾರು ಬಡಿಸಲು ಹೋದೆ. ಬೆಳಿಗ್ಗೆ ಬೀರಯ್ಯನವರು ಬೇಗೂರಿಗೇ ಹೋಗಿ ಅವನನ್ನು ಇಲ್ಲಿಗೆ ಕರೆತಂದರು. ಇಲ್ಲಿಯೂ ಅವನು ಬಾಯಿ ಬಿಟ್ಟಿಲ್ಲವೆಂದು ತಿಳಿದುಬಂದಿದೆ.

ಕರಗಿದ ಬೊಂಬೆಯನ್ನು ಅದೇ ಕರವಸ್ತ್ರದಲ್ಲಿ ಸುತ್ತಿ ಈ ಹೇಳಿಕೆಯ ಜೊತೆ ಹಾಜರುಪಡಿಸಿರುತ್ತೇನೆ. ಲೋಹ ಉಳಿದು ಪ್ಲಾಸ್ಟಿಕ್ ಹಾಳಾಗಿರುವುದರಿಂದ ಪಂಥದಲ್ಲಿ ನಾನು ಗೆದ್ದಿರುತ್ತೇನೆ. ಈ ವಿಷಯ ತಿಳಿಸಬೇಕಾದವನು ಸದರಿ ವಿಳಾಸದಲ್ಲಿ ಇರುವುದಿಲ್ಲ.

ಶಿವಶಂಕರನನ್ನು ಈಗಲೇ ಕಳಿಸಿಕೊಡಬೇಕೆಂದೂ, ಬೊಂಬೆಯನ್ನಾಗಲಿ ಈ ಹೇಳಿಕೆಯನ್ನಾಗಲಿ ಉಡಿಗಾಲಕ್ಕೆ ಕಳಿಸಬಾರದೆಂದೂ ಕೋರುತ್ತೇನೆ. ಹಾಗಾದರೆ ಬೊಂಬೆ ಏನಾಯಿತೆಂದು ಬೀರಯ್ಯನವರಿಗೆ ಹೇಳುವುದು ಎಂದು ಸಾಹೇಬರು ಕೇಳಿದ್ದು, ವಾರಸುದಾರನೇ ಬಂದು ತೆಗೆದುಕೊಂಡು ಹೋಗಿರುತ್ತಾನೆ ಎಂದು ಹೇಳಬಹುದೆಂದು ತಿಳಿಸಿರುತ್ತೇನೆ.

ನಾನು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು ನನಗೆ ಓದಿ ಹೇಳಿದರು, ಎಲ್ಲವೂ ಸರಿಯಾಗಿದೆ. ಓದುವಾಗ ದನಿ ತಗ್ಗಿಸಿ ಓದಿದರು. ಏಕೆಂದರೆ ಆ ಹೊತ್ತಿಗೆ ಅತ್ತೆ ಶಿವಶಂಕರನಿಗೆಂದು ಕ್ಯಾರಿಯರಿನಲ್ಲಿ ಊಟ ತಂದು ಹೊರಗಿನ ಬೆಂಚಿನಲ್ಲಿ ಕೂತಿದ್ದು, ನಿನ್ನೆ ಮಗ ಬಂದಿದ್ದನೆಂದು ಕಾನ್ಸ್‌ಟೇಬಲ್ ಒಬ್ಬರಿಗೆ ಹೇಳುತ್ತಿದ್ದರು.

ಸ್ಥಳ: ಚಾಮರಾಜನಗರ
ದಿನಾಂಕ: 22-09-2025

(ಸಹಿ)
ಮಲ್ಲಿಕಾರ್ಜುನಸ್ವಾಮಿ